ಹಂಡೆ ನೀರು ಕುದಿಸುವ ಬ್ರೇಕು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಮಾಡಿಸುವ ಕೆಲಸ ಬಾನೆಟ್ ಎತ್ತಿಸುವುದು. ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಡುತ್ತಾರೆ. ಹಿಂದೆ ಹೋಗಿ ಹೊಗೆಯ ಬಣ್ಣ ನೋಡುತ್ತಾರೆ. ಸೀಟಿನ ಚರ್ಮ ಸವರಿ, ಸನ್‌ರೂಫ್ ತೆಗೆದು ಮುಚ್ಚಿ, ಬಾಗಿಲು ಹಾಕಿದಾಗ ಬರುವ ಗಟ್ಟಿ ಸದ್ದಿಗೆ ತಲೆದೂಗುತ್ತಾರೆ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ, ಒಳಗಿನ ಡಿಸ್ಕು ಹೇಗಿದೆ ಎಂದು ನೋಡುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಾಡುವವರು ಹೀಗೆ ಮಾಡಿದರೆ ಹೇಗೋ ನಡೆದೀತು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಹೊರನಾಡು ಕಡೆಯವರಿಗೆ ಆ ಸೌಕರ್ಯ ಇಲ್ಲ. ಅವರ ಊರಿನಿಂದ ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಕಾರ್ಕಳಕ್ಕೆ ಹೋಗಬೇಕಾದರೆ ಕುದುರೆಮುಖದ ಕಾಡು ದಾಟಿ ಘಟ್ಟ ಇಳಿಯಬೇಕು. ಬಾಬಾಬುಡನ್‌ಗಿರಿಗೆ ನೆಂಟರನ್ನು ಕರೆದುಕೊಂಡು ಹೋದರೂ ಹತ್ತಿದಷ್ಟನ್ನೂ ಮತ್ತೆ ಇಳಿಯಲೇಬೇಕು. ಇಲ್ಲಿ ಕಾರಿನ ಶಕ್ತಿ ಹತ್ತುವಾಗ ಕಾಣುತ್ತದೆ. ಕಾರಿನ ಯೋಗ್ಯತೆ ಇಳಿಯುವಾಗ ಗೊತ್ತಾಗುತ್ತದೆ.

2024 ಮತ್ತು 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಕೈಗೆ ಹಣ ಬಂದಾಗ ತೋಟಕ್ಕೆ ಜೀಪು, ಮನೆಗೊಂದು ಕಾರು ಎನ್ನುವುದು ಈ ಕಾಫಿ ಸೀಮೆಯ ಹಳೆಯ ಲೆಕ್ಕ. ಮನೆಯಲ್ಲಿ ಇಪ್ಪತ್ತೈದರ ಹುಡುಗನಿದ್ದರೆ ಆ ಕಾರು ಸ್ವಲ್ಪ ಜೋರಾಗಿ ಓಡುವುದೇ ಆಗಿರಬೇಕು. ಹೊಸ ಸ್ಪೋರ್ಟ್ಸ್ ಕಾರಿನ ಬೆಲೆ ಕೇಳಿ ಹೌಹಾರಿದವರ ಕಣ್ಣು ಸಹಜವಾಗಿ ಹಳೆಯ ಗಾಡಿಗಳ ಕಡೆ ಹೊರಳುತ್ತದೆ. ಅಲ್ಲಿ ಆಸೆ ಹುಟ್ಟಿಸುವ ಸರಕಿಗೆ ಕೊರತೆಯಿಲ್ಲ. 2015ರಲ್ಲಿ ಬಂದ 145 ಅಶ್ವಶಕ್ತಿಯ ಫಿಯಟ್ ಅಬಾರ್ಥ್ ಪುಂಟೊ ಇದೆ. 2016ರಲ್ಲಿ ಭಾರತಕ್ಕೆಂದು ಬರೀ 99 ತಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಇದೆ. 2017ರಲ್ಲಿ 500 ಬಂದ, 230 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 2020ರಲ್ಲಿ ಅದರದ್ದೇ 245 ಅಶ್ವಶಕ್ತಿಯ ರೂಪ 200 ಬಂತು. ಇನ್ನೂ ಮೇಲಕ್ಕೆ ಹೋದರೆ ಪೋರ್ಶೆ, ಬಿಎಂಡಬ್ಲ್ಯು, ಮರ್ಸಿಡಿಸ್. ಕೆಲವರು ಇವನ್ನು ಮಗುವಿನಂತೆ ಸಾಕಿರುತ್ತಾರೆ, ಕೆಲವರು ಬಾಡಿಗೆ ಎತ್ತಿನಂತೆ ದುಡಿಸಿರುತ್ತಾರೆ. ಪಾಲಿಶ್ ಹೊಡೆದು ನಿಲ್ಲಿಸಿದ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ.

ಚಿಕ್ಕಮಗಳೂರಿಗೆ ವೇಗದ ಕಾರು ಹೊಸದೇನಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಹಲವು ವರ್ಷ ನಡೆದದ್ದು ಇಲ್ಲಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲೇ. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಇದೇ ತೋಟಗಳ ನಡುವೆ ಕೆಂಪು ದೂಳೆಬ್ಬಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ತೋಟದ ಬೇಲಿಯ ಮೇಲೆ ಕೂತು ಆ ಕಾರುಗಳನ್ನು ನೋಡಿದ ಹುಡುಗರು ಈಗ ಕಾರು ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ.

ಅವರು ಆಗ ಗಮನಿಸದೆ ಬಿಟ್ಟ ಒಂದು ಸಂಗತಿ ಇದೆ. ಗಿಲ್ ಓಡಿಸುತ್ತಿದ್ದ ಸ್ಕೋಡಾ ಫೇಬಿಯಾ ಆರ್5 ಕಾರಿಗೆ ಎರಡು ಜೊತೆ ಬ್ರೇಕುಗಳಿವೆ. ಮಣ್ಣು ರಸ್ತೆಗೆ 300 ಮಿಲಿಮೀಟರ್ ಡಿಸ್ಕು, ಡಾಂಬರು ರಸ್ತೆಗೆ 355 ಮಿಲಿಮೀಟರ್ ಡಿಸ್ಕು. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಡಾಂಬರಿನ ಮೇಲೆ ಟೈರು ಗಟ್ಟಿಯಾಗಿ ಹಿಡಿಯುವುದರಿಂದ ಬ್ರೇಕಿನ ಮೇಲೆ ಹೊರೆ ಹೆಚ್ಚು, ಆದ್ದರಿಂದ ತಟ್ಟೆಯೂ ದೊಡ್ಡದು. ರಸ್ತೆ ಬದಲಾದರೆ ಬ್ರೇಕೂ ಬದಲಾಗಬೇಕು ಎಂಬುದು ರ್‍ಯಾಲಿಯವರಿಗೆ ಗೊತ್ತಿರುವ ಮಾತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬದುಕು ಸವೆಸಿದ ಕಾರನ್ನು ಕಳಸಕ್ಕೆ ತರುವವರೂ ಅದನ್ನು ನೆನಪಿಡಬೇಕು.

ಬ್ರೇಕ್ ಮಾಡುವ ಕೆಲಸ ಏನೆಂದು ನೋಡೋಣ. ಓಡುವ ಕಾರಿನಲ್ಲಿರುವ ಶಕ್ತಿಯನ್ನು ಶಾಖವಾಗಿ ಬದಲಿಸಿ ಗಾಳಿಗೆ ಬಿಡುವುದು, ಅಷ್ಟೇ. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಹುಟ್ಟುವ ಶಾಖ ಸುಮಾರು 580 ಕಿಲೋಜೂಲ್. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಈಗ ಇದೇ ಕಾರನ್ನು ಘಟ್ಟದ ಮೇಲಿನ ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಕಡೆ ಬಿಡಿ. ಘಟ್ಟದ ಬುಡ ಮುಟ್ಟುವಷ್ಟರಲ್ಲಿ ಎತ್ತರದಲ್ಲಿ 700 ಮೀಟರ್ ಇಳಿಯಿತು ಎಂದು ಲೆಕ್ಕ ಹಿಡಿದರೆ, ಕಳೆಯಬೇಕಾದ ಶಕ್ತಿ 10,000 ಕಿಲೋಜೂಲ್ ದಾಟುತ್ತದೆ. ನೂರರ ವೇಗದಿಂದ ಹದಿನೇಳು ಹದಿನೆಂಟು ಸಲ ನಿಂತದ್ದಕ್ಕೆ ಅದು ಸಮ. ಬೇರೆ ರೀತಿಯಲ್ಲಿ ಹೇಳಿದರೆ, ಬಚ್ಚಲಮನೆಯ ಹಂಡೆಗೆ ಮೂವತ್ತು ಲೀಟರ್ ತಣ್ಣೀರು ಹಾಕಿ ಕುದಿ ಬರಿಸಲು ಬೇಕಾದಷ್ಟು ಶಾಖ. ಒಲೆಗೆ ಸೌದೆ ಒಟ್ಟಿ ಮಾಡುವ ಕೆಲಸವನ್ನು ನಾಲ್ಕು ಕಬ್ಬಿಣದ ತಟ್ಟೆಗಳು ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಡಿ ಮುಗಿಸಬೇಕು. ಅದರಲ್ಲೂ ಬಹುಪಾಲು ಮುಂದಿನ ಎರಡರ ಮೇಲೇ ಬೀಳುತ್ತದೆ, ಏಕೆಂದರೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ.

ಎಲ್ಲ ಭಾರವನ್ನೂ ಬ್ರೇಕಿಗೇ ಹೊರಿಸಬೇಕಾಗಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಘಟ್ಟದ ಲಾರಿ ಡ್ರೈವರುಗಳು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಾ ಬಂದದ್ದು ಇದಕ್ಕೇ. ಎಂಜಿನ್ ಹಿಡಿದಿಟ್ಟುಕೊಂಡಷ್ಟು ಶಾಖ ಡಿಸ್ಕಿಗೆ ಹೋಗುವುದಿಲ್ಲ. ಆಟೊಮ್ಯಾಟಿಕ್ ಗೇರಿನ ಸ್ಪೋರ್ಟ್ಸ್ ಕಾರು ಕೊಂಡವರು ಇದನ್ನು ಬೇಗ ಮರೆಯುತ್ತಾರೆ. ಲಿವರನ್ನು ‘ಡಿ’ಯಲ್ಲಿ ಬಿಟ್ಟರೆ ಅನೇಕ ಕಾರುಗಳು ಪೆಟ್ರೋಲ್ ಉಳಿಸಲೆಂದು ಮೇಲಿನ ಗೇರಿಗೆ ಜಾರುತ್ತವೆ. ಆಗ ಇಡೀ ಘಟ್ಟ ಬಲಗಾಲಿನ ಮೇಲೆ ಬೀಳುತ್ತದೆ.

ಇಂದು ನಾವು ಡಿಸ್ಕ್ ಬ್ರೇಕ್ ಎಂದರೆ ಸಾಮಾನ್ಯ ಎಂದುಕೊಳ್ಳುತ್ತೇವೆ. 1953ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಅದು ಗುಟ್ಟಿನ ಅಸ್ತ್ರವಾಗಿತ್ತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಜಾಗ್ವಾರ್ ಸಿ-ಟೈಪ್ ಕಾರಿಗೆ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳಿದ್ದವು. ಎದುರಾಳಿಗಳು ಡ್ರಮ್ ಬ್ರೇಕಿನವರು. ಉದ್ದನೆಯ ನೇರ ಹಾದಿಯ ಕೊನೆಯಲ್ಲಿ ಅವರು ಬೇಗ ಬ್ರೇಕ್ ಹಾಕಬೇಕಾಗುತ್ತಿತ್ತು. ಜಾಗ್ವಾರಿನವರು ಇನ್ನಷ್ಟು ದೂರ ಹೋಗಿ ಹಾಕಬಹುದಿತ್ತು. ಡ್ರಮ್ಮಿನೊಳಗೆ ಶಾಖ ಕೂಡಿಬಿದ್ದು ಹಿಡಿತ ಸಡಿಲವಾಗುತ್ತದೆ, ಬಯಲಿನಲ್ಲಿ ತಿರುಗುವ ತಟ್ಟೆ ಬೇಗ ಆರುತ್ತದೆ. ಜಾಗ್ವಾರ್ ಗೆದ್ದಿತು. ನಮ್ಮ ಘಟ್ಟಗಳಲ್ಲಿ ಡ್ರಮ್ ಬ್ರೇಕಿನ ಅಂಬಾಸಿಡರ್ ಇಳಿಸಿದ ಹಿರಿಯರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸುಟ್ಟ ಲೈನರಿನ ವಾಸನೆ ಹೋಗುವವರೆಗೆ ಕಾದವರು ಅವರು.

ಡಿಸ್ಕಿಗೂ ಸೋಲುವ ಜಾಗ ಒಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಎನ್ನುವ ದ್ರವ ನಿಜಕ್ಕೂ ಎಣ್ಣೆಯಲ್ಲ. ಬಳಕೆಯಲ್ಲಿರುವ ಡಾಟ್ 3, ಡಾಟ್ 4, ಡಾಟ್ 5.1 ದ್ರವಗಳಿಗೆಲ್ಲ ಗಾಳಿಯ ತೇವವನ್ನು ಹೀರುವ ಗುಣವಿದೆ, ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಉಪ್ಪಿನ ಹಾಗೆ. ಹೊಸ ಡಾಟ್ 4 ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಆದಮೇಲೆ. ಅದೇ ದ್ರವಕ್ಕೆ ನೂರಕ್ಕೆ 3.7 ಪಾಲು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು ಎಂದು ಮಾನದಂಡವೇ ಹೇಳುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ ಇಳಿಯುತ್ತದೆ, ಡಾಟ್ 5.1 ಆದರೆ 260ರಿಂದ 180ಕ್ಕೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಇದರಲ್ಲಿ ಮೋಸದ ಭಾಗ ಮುಂದಿನದು. ಕಾರು ಅರ್ಧ ಗಂಟೆ ನಿಂತು ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಬೆಂಗಳೂರಿನ ಷೋರೂಮಿನ ಸುತ್ತ ಎರಡು ಕಿ.ಮೀ. ಓಡಿಸಿದವರಿಗೆ ಏನೂ ತಿಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು ಎಂದು ಬಹಳಷ್ಟು ಕಾರು ಕಂಪನಿಗಳು ಕೈಪಿಡಿಯಲ್ಲಿ ಬರೆದಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಲೆನಾಡಿನಲ್ಲಿ ಈ ಗಡುವು ಮೀರಿಸುವಂತಿಲ್ಲ. ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್ ಬದಲಿಸಿದ ದಾಖಲೆ ಎಲ್ಲರೂ ಹುಡುಕುತ್ತಾರೆ. ಬ್ರೇಕ್ ಆಯಿಲ್ ಬದಲಿಸಿದ ತಾರೀಖು ಹುಡುಕಬೇಕು.

ಇನ್ನು ಚಕ್ರದ ಪಕ್ಕ ಕೂರುವ ಕೆಲಸ. ಕಾರು ತಣ್ಣಗಿರುವಾಗ ಅಲಾಯ್ ಚಕ್ರದ ಸಂದಿಯಿಂದ ಬೆರಳು ತೂರಿಸಿ ಡಿಸ್ಕಿನ ಅಂಚು ಮುಟ್ಟಿ ನೋಡಿದರೆ ಅರ್ಧ ಜಾತಕ ಸಿಗುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಉಜ್ಜದೆ ಬಿಟ್ಟ ಹೊರ ಅಂಚು ಗದ್ದೆಯ ಬದುವಿನ ಹಾಗೆ ಎದ್ದು ನಿಂತಿದ್ದರೆ ನಡುವಿನ ಭಾಗ ಅಷ್ಟು ಸವೆದಿದೆ ಎಂದರ್ಥ. ಎಷ್ಟು ಸವೆಯಬಹುದು ಎಂಬುದಕ್ಕೂ ಮಿತಿ ಇದೆ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯ ಮೇಲೋ ಕನಿಷ್ಠ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಸಾದಾ ವರ್ನಿಯರ್ ಹಿಡಿದರೆ ಅದು ಎದ್ದು ನಿಂತ ಬದುವಿನ ದಪ್ಪ ತೋರಿಸಿ ಸುಳ್ಳು ಹೇಳುತ್ತದೆ. ಒಳಗಿನ ಉಜ್ಜುವ ಜಾಗವನ್ನು ಮೈಕ್ರೊಮೀಟರಿನಲ್ಲಿ ಅಳೆಸಬೇಕು. ಡಿಸ್ಕಿನ ಮೇಲೆ ನೀಲಿ ಛಾಯೆ ಇದ್ದರೆ ಅದು ಒಂದಲ್ಲ ಒಂದು ದಿನ ವಿಪರೀತ ಕಾದಿದೆ. ತೂತು ಕೊರೆದ ಡಿಸ್ಕಾದರೆ ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಬೇಕು. ಮಳೆಯಲ್ಲಿ ರಾತ್ರಿ ನಿಂತ ಕಾರಿನ ಡಿಸ್ಕಿನ ಮೇಲೆ ಬೆಳಗ್ಗೆ ಕಾಣುವ ತೆಳುವಾದ ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ, ನಾಲ್ಕು ಸಲ ಬ್ರೇಕ್ ಹಾಕಿದರೆ ಅಳಿಸಿಹೋಗುತ್ತದೆ. ಅಳಿಸದೆ ಚುಕ್ಕಿ ಚುಕ್ಕಿಯಾಗಿ ಕೊರೆದು ಕೂತಿದ್ದರೆ ಆ ಕಾರು ತಿಂಗಳುಗಟ್ಟಲೆ ನಿಂತೇ ಇತ್ತು.

ನಿಂತೇ ಇದ್ದ ಕಾರು ಕಡಿಮೆ ಓಡಿದೆ ಎಂದು ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ. ಬ್ರೇಕಿನ ದೃಷ್ಟಿಯಿಂದ ಅದು ಹೆಚ್ಚು ಅನುಮಾನದ ಗಾಡಿ. ಪ್ಯಾಡನ್ನು ಒತ್ತುವ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸಲೀಸಾಗಿ ಜಾರಬೇಕು. ತುಕ್ಕು ಹಿಡಿದು ಬಿಗಿದುಕೊಂಡರೆ ಒಂದು ಬದಿಯ ಪ್ಯಾಡು ಪೂರ್ತಿ ಸವೆದು, ಇನ್ನೊಂದು ಬದಿಯದು ಹೊಸದರಂತೆ ಇರುತ್ತದೆ. ಹೊರಗಿನಿಂದ ಇಣುಕಿದಾಗ ಕಾಣುವುದು ಹೊರಬದಿಯ ಪ್ಯಾಡು ಮಾತ್ರ. ಆದ್ದರಿಂದ ಚಕ್ರ ಬಿಚ್ಚಿಸದೆ ಕೊಡುವ ತೀರ್ಪು ಅರೆಬರೆ.

ಬಣ್ಣಕ್ಕೆ ಮರುಳಾಗುವವರಿಗೆ ಒಂದು ಎಚ್ಚರಿಕೆ. ಕೆಂಪು ಬಣ್ಣದ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಕ್ಯಾಲಿಪರ್ ಕಂಡ ಕೂಡಲೇ ಇದು ರೇಸಿನ ಬ್ರೇಕು ಎಂದುಕೊಳ್ಳುವುದಿದೆ. ಸಾದಾ ಕ್ಯಾಲಿಪರಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹೊದಿಕೆಗಳು ಅಂಗಡಿಯಲ್ಲಿ ಸಿಗುತ್ತವೆ. ಬೀಗದ ಕೈಯಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ಆ ಹೊದಿಕೆ ಅಂದ ಕೊಡುವುದರ ಜೊತೆಗೆ ಶಾಖ ಹೊರಹೋಗುವ ದಾರಿಯನ್ನೂ ಮುಚ್ಚುತ್ತದೆ.

ನಿಜವಾದ ರೇಸಿನ ಪ್ಯಾಡು ಹಾಕಿದ ಕಾರೂ ಎದುರಾಗಬಹುದು. ಹಿಂದಿನ ಮಾಲೀಕ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ಟ್ರ್ಯಾಕ್‌ನಲ್ಲೋ ಓಡಿಸುವ ಹವ್ಯಾಸದವನಾಗಿದ್ದರೆ ಅಂಥ ಪ್ಯಾಡು ಹಾಕಿಸಿರುತ್ತಾನೆ. ಅದು ಕಾದಾಗ ಚೆನ್ನಾಗಿ ಹಿಡಿಯುತ್ತದೆ, ತಣ್ಣಗಿರುವಾಗ ಕೀರಲುತ್ತದೆ, ಹಿಡಿತವೂ ಕಡಿಮೆ. ಡಿಸೆಂಬರಿನ ಮಂಜಿನ ಬೆಳಗ್ಗೆ ಮನೆಯ ಗೇಟು ದಾಟಿದ ಕೂಡಲೇ ಇಳಿಜಾರು ಸಿಗುವ ತೋಟದ ಮನೆಗೆ ಅದು ಹೊಂದುವುದಿಲ್ಲ. ಇನ್ನೊಂದು ಜಾತಿ, ಕಂಪ್ಯೂಟರಿನಲ್ಲಿ ಎಂಜಿನ್ ಶಕ್ತಿ ಏರಿಸಿಕೊಂಡ ‘ಸ್ಟೇಜ್ ಒನ್’ ಕಾರುಗಳು. ಶಕ್ತಿ ಏರಿಸಿದವರು ಬ್ರೇಕನ್ನೂ ಏರಿಸಿದ್ದಾರೆಯೇ ಎಂದು ಕೇಳಿದರೆ ಬಹಳ ಸಲ ಉತ್ತರದ ಬದಲು ನಗು ಬರುತ್ತದೆ. ಮುಂಚಕ್ರದಿಂದ ಓಡುವ ಅನೇಕ ವೇಗದ ಕಾರುಗಳಲ್ಲಿ ತಿರುವಿನಲ್ಲಿ ಒಳಗಿನ ಚಕ್ರ ಜಾರದಂತೆ ಕಂಪ್ಯೂಟರ್ ತಾನೇ ಬ್ರೇಕ್ ಒತ್ತುತ್ತದೆ. ತಿರುವುಗಳೇ ತುಂಬಿದ ನಮ್ಮ ರಸ್ತೆಗಳಲ್ಲಿ ಕಾಲಿಡದೆಯೂ ಪ್ಯಾಡು ಸವೆಯುತ್ತದೆ.

ಪೋರ್ಶೆಯಂಥ ಕಾರಿಗೆ ಕೈ ಹಾಕುವವರು ಕ್ಯಾಲಿಪರಿನ ಬಣ್ಣ ನೋಡಲೇಬೇಕು. ಹಳದಿ ಇದ್ದರೆ ಅದು ಸೆರಾಮಿಕ್ ಡಿಸ್ಕಿನ ಗುರುತು. ಈ ಶತಮಾನದ ಆರಂಭದಲ್ಲಿ 911 ಜಿಟಿ2 ಕಾರಿನೊಂದಿಗೆ ಬಂದ ಈ ಡಿಸ್ಕು ಕಬ್ಬಿಣದ ಡಿಸ್ಕಿನ ಅರ್ಧದಷ್ಟೇ ತೂಕ, ತುಕ್ಕು ಹಿಡಿಯುವುದಿಲ್ಲ, ಕಾದಾಗ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಚಕ್ರ ಬಿಚ್ಚುವಾಗ ಪಂಚರ್ ಅಂಗಡಿಯ ಹುಡುಗ ಕೈ ತಪ್ಪಿ ಚಕ್ರವನ್ನು ಅದಕ್ಕೆ ಬಡಿಸಿದರೆ ಅಂಚು ಚಕ್ಕೆಯೇಳುತ್ತದೆ. ಅದರ ಸವೆತವನ್ನು ದಪ್ಪದ ಜೊತೆಗೆ ತೂಕದಿಂದಲೂ ಅಳೆಯುತ್ತಾರೆ. ಕನಿಷ್ಠ ತೂಕ ಡಿಸ್ಕಿನ ಮೇಲೇ ಬರೆದಿರುತ್ತದೆ. ಬದಲಿಸಬೇಕಾಗಿ ಬಂದರೆ ಖರ್ಚು ಲಕ್ಷಗಳಲ್ಲಿ. ಕಾರಿನ ಬೆಲೆಯಲ್ಲಿ ಚೌಕಾಶಿ ಮಾಡಿ ಉಳಿಸಿದ್ದೆಲ್ಲ ಅಲ್ಲೇ ಕರಗಬಹುದು.

ಓಡಿಸಿ ನೋಡುವ ಮೊದಲು ನಿಂತಲ್ಲೇ ಮಾಡುವ ಎರಡು ಪರೀಕ್ಷೆಗಳಿವೆ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿಸಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರಿನಲ್ಲಿ ತೊಂದರೆ. ಆಮೇಲೆ ಅರ್ಧ ನಿಮಿಷ ಹಾಗೇ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕುಸಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನಲ್ಲೋ ಪೈಪಿನಲ್ಲೋ ಸೋರಿಕೆ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿಕೊಂಡು ಆರಬೇಕು. ಆರದಿದ್ದರೆ ದೋಷ, ಹೊತ್ತಿಕೊಳ್ಳದೇ ಇದ್ದರೆ ಯಾರೋ ದೋಷವನ್ನು ಮುಚ್ಚಿಟ್ಟಿರಬಹುದು.

ಓಡಿಸುವಾಗ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 80ರ ವೇಗದಿಂದ 20ಕ್ಕೆ ಐದಾರು ಸಲ ಇಳಿಸಿ ನೋಡಬೇಕು. ಸ್ಟಿಯರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ. ಕಾರು ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಬಿಗಿದಿರಬಹುದು, ಟೈರೂ ಕಾರಣವಿರಬಹುದು. ಮೊದಲ ಸಲಕ್ಕೂ ಆರನೆಯ ಸಲಕ್ಕೂ ಪೆಡಲ್ ಇಳಿಯುವ ಆಳದಲ್ಲಿ ವ್ಯತ್ಯಾಸ ಕಂಡರೆ ಆ ಕಾರನ್ನು ಹಾಗೇ ಘಟ್ಟಕ್ಕೆ ಒಯ್ಯಬಾರದು. ಕೊನೆಗೆ ನಿಲ್ಲಿಸುವುದು ಟೈರು, ಆದ್ದರಿಂದ ಅದರ ಪಕ್ಕೆಯ ನಾಲ್ಕು ಅಂಕೆಯನ್ನೂ ಓದಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೇಲಿನ ಗೀರುಗಳು ಎಷ್ಟೇ ಆಳ ಕಂಡರೂ ಹಳೆಯ ರಬ್ಬರು ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಕಾಗದಪತ್ರಗಳಲ್ಲೂ ಕಾರಿನ ಕತೆ ಅಡಗಿರುತ್ತದೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಮತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ ತಡೆ ಬಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಗೊಳಿಸಿದ ಮೇಲೆ ಅಲ್ಲಿನ ದುಬಾರಿ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದವು. ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಚಿಕ್ಕಮಗಳೂರಿನ ಕೆಎ-18 ಫಲಕ ಹಾಕಿಸುವಷ್ಟರಲ್ಲಿ ಆ ಅಗ್ಗ ಎಷ್ಟು ಉಳಿಯಿತು ಎಂದು ಮೊದಲೇ ಲೆಕ್ಕ ಹಾಕಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ದೊಡ್ಡ ದೊಡ್ಡ ಕಾರುಗಳು ನೀರಿನಲ್ಲಿ ಮುಳುಗಿ ನಿಂತದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಮುಳುಗಿದ ಕಾರಿನ ಸೀಟು ಒಣಗಿಸಬಹುದು, ಎಬಿಎಸ್ ಘಟಕದ ಒಳಗೆ ಹೋದ ಕೆಸರುನೀರು ತಿಂಗಳುಗಳ ನಂತರ ಬಣ್ಣ ತೋರಿಸುತ್ತದೆ. ವಿಮೆಯ ಕ್ಲೇಮ್ ಇತಿಹಾಸವನ್ನು ಕೇಳಿ ಪಡೆಯುವುದು ಇದಕ್ಕಾಗಿ.

ಕೊಂಡು ತಂದ ಮೇಲೆ ನಡವಳಿಕೆಯೂ ಬದಲಾಗಬೇಕು. ಘಟ್ಟ ಇಳಿದು ಬುಡದಲ್ಲಿ ನಿಲ್ಲಿಸಿದ ಕೂಡಲೇ ಹೊಗೆಯಾಡುವ ಚಕ್ರಕ್ಕೆ ಕೊಡದಲ್ಲಿ ನೀರು ಎರಚುವ ಅಭ್ಯಾಸ ಹಲವರಿಗಿದೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಮೆಲ್ಲಗೆ ಇನ್ನೆರಡು ಕಿ.ಮೀ. ಓಡಿಸಿದರೆ ಗಾಳಿಯೇ ಆರಿಸುತ್ತದೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗುವುದು ಎಲ್ಲರಿಗೂ ಗೊತ್ತು. ಆಗ ದಾಟುವ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ರಸ್ತೆಯ ಮೇಲೆ ಹರಿಯುವ ಸಣ್ಣ ಹಳ್ಳ ದಾಟಿದರೂ ಒಂದೆರಡು ಸಲ ಹಗುರವಾಗಿ ಬ್ರೇಕ್ ಒತ್ತಿ ಒಣಗಿಸಿಕೊಂಡೇ ಮುಂದಿನ ಇಳಿಜಾರಿಗೆ ಬಿಡಬೇಕು.

ಲೆಕ್ಕ ಕೊನೆಗೆ ದುಡ್ಡಿನದು. ನಾಲ್ಕು ಡಿಸ್ಕು, ನಾಲ್ಕು ಜೊತೆ ಪ್ಯಾಡು, ಹೊಸ ಬ್ರೇಕ್ ಆಯಿಲ್, ಬೇಕಾದರೆ ಕ್ಯಾಲಿಪರ್ ದುರಸ್ತಿ, ಇವಕ್ಕೆಲ್ಲ ಆಗುವ ಖರ್ಚನ್ನು ಆ ಮಾದರಿಯ ಹೆಸರು ಹೇಳಿ, ಮೊದಲೇ ಚೀಟಿಯಲ್ಲಿ ಬರೆಸಿಕೊಂಡು ಹೋದವರಿಗೆ ಚೌಕಾಶಿ ಸುಲಭ. ಕಡಿಮೆ ಸಂಖ್ಯೆಯಲ್ಲಿ ಬಂದ ಕಾರುಗಳ ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ವಾರಗಟ್ಟಲೆ ಕಾಯಬೇಕಾದೀತು ಎಂಬುದೂ ಆ ಚೀಟಿಯಲ್ಲಿರಲಿ. ಮಾರುವವರು ಹೇಳಿದ ಬೆಲೆಗೆ ಈ ಮೊತ್ತ ಕೂಡಿಸಿದ ಮೇಲೆ ಬರುವುದೇ ಕಾರಿನ ನಿಜವಾದ ಬೆಲೆ.

ಮುಂಗಡ ಕೊಡುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ, ನಾಲ್ಕೂ ಚಕ್ರ ಬಿಚ್ಚಿಸಿ, ನಿಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿ. ಒಂದು ಗಂಟೆಯ ಕೆಲಸ. ಮಾರುವವರು ಅದಕ್ಕೆ ಒಪ್ಪದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿ ಹಾಡಲಿ, ಆ ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಊರಿಗೆ ಬನ್ನಿ.